ಸೂಟಿಯ ಋಣ

ಪುಣೆಯ ಕನ್ನಡ ಮನೆಗಳಲ್ಲಿ ಒಂದೇ ವಸ್ತುವಿಗೆ ಎರಡು ಹೆಸರು ನಡೆಯುತ್ತವೆ. ಮೈಸೂರು ಬೆಂಗಳೂರು ಕಡೆಯಿಂದ ಬಂದವರು 'ರಜ' ಎನ್ನುತ್ತಾರೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರು 'ಸೂಟಿ' ಎನ್ನುತ್ತಾರೆ. ಮರಾಠಿಯ 'ಸುಟ್ಟಿ' ನೆರೆಯಲ್ಲೇ ಇರುವುದರಿಂದ ಈ ಊರಿನಲ್ಲಿ ಎರಡನೆಯದಕ್ಕೇ ಬಲ ಹೆಚ್ಚು. ಹೆಸರು ಯಾವುದಾದರೇನು, ಹೊಸ ವರ್ಷದ ಪಂಚಾಂಗ ಗೋಡೆಗೆ ಏರಿದ ಕೂಡಲೆ ಮನೆಮಂದಿಯೆಲ್ಲ ಕೂಡಿ ಕೆಂಪು ಅಂಕಿಗಳನ್ನು ಎಣಿಸುವುದು ಎಲ್ಲ ಮನೆಗಳಲ್ಲೂ ಉಂಟು. ರವಿವಾರಕ್ಕೆ ಬಿದ್ದ ಹಬ್ಬಕ್ಕಾಗಿ ಮರುಗುತ್ತೇವೆ. ಶುಕ್ರವಾರಕ್ಕೋ ಸೋಮವಾರಕ್ಕೋ ಬಿದ್ದುದನ್ನು ಕಂಡು ಊರಿಗೆ ಹೋಗುವ ಗಾಡಿಯ ಟಿಕೀಟಿನ ಯೋಚನೆ ಮಾಡುತ್ತೇವೆ. ಆ ಕೆಂಪು ಅಂಕಿ ಅಲ್ಲಿಗೆ ಬಂದುದು ಹೇಗೆ, ಅದಕ್ಕಾಗಿ ಯಾರು ದುಡಿದರು ಎಂಬುದನ್ನು ಮಾತ್ರ ಕೇಳುವವರು ಕಡಿಮೆ.

ಏಪ್ರಿಲ್ ೧೪ ಅಂಥದೊಂದು ಕೆಂಪು ಅಂಕಿ. ನಮ್ಮ ಕರಾವಳಿಯ ಮನೆಗಳಿಗೆ ಅದು ಬಿಸುವಿನ ಆಸುಪಾಸಿನ ದಿನ. ಮಿಕ್ಕವರಿಗೆ ಬೇಸಿಗೆಯಲ್ಲಿ ಸಿಕ್ಕ ಒಂದು ಬಿಡುವು. ಊರು ಮಾತ್ರ ಅಂದು ಮಲಗಿರುವುದಿಲ್ಲ. ಏಪ್ರಿಲ್ ೧೧ರಂದು ಗಂಜ ಪೇಠೆಯ ಫುಲೆ ವಾಡೆಯಲ್ಲಿ ಮಹಾತ್ಮಾ ಜ್ಯೋತಿಬಾ ಫುಲೆಯವರ ಜಯಂತಿ ಆಗುತ್ತದೆ. ಮೂರು ದಿನ ಕಳೆಯುವಷ್ಟರಲ್ಲಿ ಪುಣೆ ಸ್ಟೇಶನ್ನಿನ ಬಳಿಯ ಡಾ. ಅಂಬೇಡಕರರ ಪ್ರತಿಮೆಯ ಮುಂದೆ ಜನಸಾಗರ ಸೇರುತ್ತದೆ. ನೀಲಿ ಬಾವುಟ, ವಾದ್ಯ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆಯರು, ಹೊಸ ಸೀರೆಯುಟ್ಟ ತಾಯಂದಿರು. ನಮ್ಮ ಕಡೆಯ ಮಕ್ಕಳು ಮಹಡಿಯಿಂದ ಮೆರವಣಿಗೆ ನೋಡುತ್ತ ಕೇಳುವ ಪ್ರಶ್ನೆ, ಹಿರಿಯರು ಕೊಡುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ:

"ಅಜ್ಜಾ, ಇವತ್ತ ಯಾಕ ಸೂಟಿ?"

"ಅಂಬೇಡಕರ ಜಯಂತಿ ಅಲ್ಲೇನವಾ."

"ಅವರು ಏನು ಮಾಡಿದ್ರು?"

"ಸಂವಿಧಾನ ಬರೆದ್ರು."

ಮಾತು ಅಲ್ಲಿಗೆ ಮುಗಿಯುತ್ತದೆ. ಉತ್ತರವೇನೋ ಸುಳ್ಳಲ್ಲ. ಆದರೆ ಆ ಮಗುವಿನ ತಂದೆ ಪಿಂಪ್ರಿ-ಚಿಂಚವಡದ ಕಾರಖಾನೆಯಲ್ಲಿ ಕೆಲಸಕ್ಕಿದ್ದರೆ, ವರ್ಷದಲ್ಲಿ ಹಲವು ದಿನ ಪಗಾರ ಕಡಿತವಿಲ್ಲದೆ ಮನೆಯಲ್ಲಿ ಉಳಿಯುವ ಹಕ್ಕು ಅವನಿಗಿದ್ದರೆ, ಆ ಹಕ್ಕಿಗೂ ಇದೇ ಮಹನೀಯರಿಗೂ ನೇರವಾದ ಸಂಬಂಧವುಂಟು ಎಂಬುದನ್ನು ಅಜ್ಜ ಹೇಳಿದ್ದರೆ ಉತ್ತರ ಪೂರ್ಣವಾಗುತ್ತಿತ್ತು. ಸೂಟಿ ಕೊಡಿಸಿದವರ ಹೆಸರಿನಲ್ಲೇ ನಮಗೆ ಇಂದು ಸೂಟಿ ಬಂದಿದೆ. ಈ ಸಲದ ಅಂಕಣವನ್ನು ನಾವು ಆ ಕತೆಗೆ ಮೀಸಲಿಡುತ್ತೇವೆ.

ಕತೆ ರವಿವಾರದಿಂದ ಆರಂಭವಾಗಬೇಕು. ರವಿವಾರದ ಬಿಡುವು ಸೂರ್ಯೋದಯದಂತೆ ತಾನಾಗಿ ಬಂದದ್ದೆಂದು ನಾವು ತಿಳಿದಿರುತ್ತೇವೆ. ನೂರೈವತ್ತು ವರ್ಷಗಳ ಹಿಂದೆ ಮುಂಬಯಿಯ ಬಟ್ಟೆ ಗಿರಣಿಗಳ ಕೂಲಿಕಾರರಿಗೆ ಅದು ಇರಲಿಲ್ಲ. ಹೊತ್ತು ಮೂಡುವುದರಿಂದ ಮುಳುಗುವವರೆಗೆ ಯಂತ್ರದ ಮುಂದೆ ನಿಲ್ಲಬೇಕು. ಪಗಾರ ಯಾವ ತಾರೀಖಿಗೆ ಬರುವುದೆಂಬುದು ಮಾಲಕರ ಮರ್ಜಿ. ಫುಲೆಯವರ ಸಂಗಡಿಗರಾದ ನಾರಾಯಣ ಮೇಘಾಜಿ ಲೋಖಂಡೆಯವರು ಈ ಜನರ ಪರವಾಗಿ ನಿಂತರು. 'ದೀನಬಂಧು' ಪತ್ರಿಕೆ ೧೮೭೭ರಲ್ಲಿ ಹುಟ್ಟಿದ್ದು ನಮ್ಮ ಈ ಪುಣೆಯಲ್ಲೇ; ಕೃಷ್ಣರಾವ ಭಾಲೇಕರರು ಆರಂಭಿಸಿದ ಆ ಪತ್ರಿಕೆಯನ್ನು ಮುಂದೆ ಲೋಖಂಡೆಯವರು ಮುಂಬಯಿಯಿಂದ ನಡೆಸಿದರು. ೧೮೮೪ರಲ್ಲಿ ಅವರು ೫,೫೦೦ ಕೂಲಿಕಾರರ ಸಹಿ ಪಡೆದು ಮನವಿ ಸಿದ್ಧಪಡಿಸಿದರು. ರವಿವಾರ ಪೂರ್ತಿ ಬಿಡುವು, ಮಧ್ಯಾಹ್ನ ಅರ್ಧ ತಾಸು ವಿರಾಮ, ಮುಂದಿನ ತಿಂಗಳ ೧೫ನೆಯ ತಾರೀಖಿನೊಳಗೆ ಪಗಾರ, ಕೆಲಸದಲ್ಲಿ ಗಾಯಗೊಂಡವನಿಗೆ ಗುಣವಾಗುವ ತನಕ ಸಂಬಳ - ಕೇಳಿದ್ದು ಇಷ್ಟೆ. ಆರು ವರ್ಷ ಏನೂ ಸಿಗಲಿಲ್ಲ. ೧೮೯೦ರ ಏಪ್ರಿಲ್ ೨೪ರಂದು ಹತ್ತು ಸಾವಿರ ಜನ ಸೇರಿದ ಸಭೆಯಲ್ಲಿ ಇಬ್ಬರು ಹೆಂಗಸರೂ ಎದ್ದು ನಿಂತು ಮಾತಾಡಿದರು. ಅದೇ ವರ್ಷದ ಜೂನ್ ೧೦ರಂದು ಗಿರಣಿ ಮಾಲಕರ ಸಂಘ ರವಿವಾರದ ಬಿಡುವಿಗೆ ಒಪ್ಪಿತು. ಮರು ವರ್ಷದ ಫ್ಯಾಕ್ಟರಿ ಕಾಯದೆಯಲ್ಲಿ ವಾರದ ರಜೆ ಸೇರಿಕೊಂಡಿತು.

ಆ ಮರು ವರ್ಷವೇ ೧೮೯೧. ಅದೇ ವರ್ಷದ ಏಪ್ರಿಲ್ ೧೪ರಂದು ಮಧ್ಯಭಾರತದ ಮಹೂ ದಂಡಿನಲ್ಲಿ ಸೈನ್ಯದ ಸುಭೇದಾರರೊಬ್ಬರ ಮನೆಯಲ್ಲಿ ಭೀಮರಾವ ಅಂಬೇಡಕರರ ಜನನ. ವಾರದ ಸೂಟಿಯೂ ಅವರೂ ಒಂದೇ ವರ್ಷದ ಕೂಸುಗಳೆಂದು ನಾವು ಮಕ್ಕಳಿಗೆ ಹೇಳಿಕೊಟ್ಟರೆ ಇಸವಿ ಮರೆಯುವ ಭಯವಿಲ್ಲ.

ಕೊಲಂಬಿಯಾ, ಲಂಡನ್ನುಗಳಲ್ಲಿ ಅರ್ಥಶಾಸ್ತ್ರವನ್ನೂ ಕಾಯದೆಯನ್ನೂ ಓದಿ ಬಂದ ಮೇಲೆಯೂ ಅಂಬೇಡಕರರು ವರ್ಷಗಟ್ಟಲೆ ವಾಸಮಾಡಿದ್ದು ಮುಂಬಯಿ ಪರೇಲಿನ ಚಾಳಿನಲ್ಲಿ, ಗಿರಣಿ ಕೂಲಿಕಾರರ ನಡುವೆ. ಕೂಲಿಕಾರರಲ್ಲೂ ಮೇಲು ಕೀಳು ಇದ್ದುದನ್ನು ಅವರು ದಿನವೂ ಕಾಣುತ್ತಿದ್ದರು. ಗಿರಣಿಯ ನೇಯ್ಗೆ ಖಾತೆಯಲ್ಲಿ ಸಂಬಳ ಹೆಚ್ಚು. ಆದರೆ ಅಸ್ಪೃಶ್ಯರೆನಿಸಿದವರಿಗೆ ಅಲ್ಲಿ ಪ್ರವೇಶವಿಲ್ಲ. ಕಾರಣ ಕೇಳಿದರೆ ಆಶ್ಚರ್ಯವಾಗುತ್ತದೆ. ಲಾಳಿಯಲ್ಲಿಯ ಕಂಡಿಕೆ ಮುಗಿದು ಹೊಸದನ್ನು ಹಾಕುವಾಗ ನೂಲಿನ ತುದಿಯನ್ನು ಬಾಯಿಂದ ಎಳೆಯಬೇಕಾಗುತ್ತಿತ್ತು. ಎಂಜಲಾದೀತೆಂದು ಜೊತೆಗಾರ ಕೂಲಿಕಾರರೇ ಬಾಗಿಲು ಮುಚ್ಚಿದ್ದರು. ೧೯೨೮ರ ದೊಡ್ಡ ಗಿರಣಿ ಮುಷ್ಕರದ ಸಮಯದಲ್ಲಿ ಅಂಬೇಡಕರರು ಈ ಮಾತನ್ನು ಎತ್ತಿ, ಆ ಖಾತೆಯ ಬಾಗಿಲನ್ನೂ ತೆರೆಯಿರೆಂದು ಕಾರ್ಮಿಕ ಮುಖಂಡರನ್ನೇ ಒತ್ತಾಯಪಡಿಸಿದರು. ಹೊಟ್ಟೆಯ ಪ್ರಶ್ನೆ ಬೇರೆ, ಮಾನದ ಪ್ರಶ್ನೆ ಬೇರೆ ಎಂದು ವಿಂಗಡಿಸಲು ಅವರು ಒಪ್ಪಲಿಲ್ಲ. ಮಹಾಡದ ಕೆರೆಯ ನೀರಿಗಾಗಿ ೧೯೨೭ರಲ್ಲಿ ಹೋರಾಡಿದವರೇ ಮರು ವರ್ಷ ಗಿರಣಿಯ ನೂಲಿಗಾಗಿ ವಾದಿಸಿದರು. ಅದೇ ೧೯೨೮ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಬಾಣಂತಿ ಕೆಲಸಗಾರ್ತಿಯರಿಗೆ ಬಿಡುವು ಭತ್ಯ ದೊರಕಿಸುವ ಮಸೂದೆಯನ್ನು ಬೆಂಬಲಿಸಿ ಮಾತಾಡಿದರು.

೧೯೩೬ರಲ್ಲಿ ಅವರು ಕಟ್ಟಿದ ಪಕ್ಷದ ಹೆಸರು ಸ್ವತಂತ್ರ ಕಾರ್ಮಿಕ ಪಕ್ಷ. ಮುಷ್ಕರಗಳಿಗೆ ಕಡಿವಾಣ ಹಾಕುವ ಮಸೂದೆ ಮುಂಬಯಿ ವಿಧಾನಸಭೆಗೆ ಬಂದಾಗ, ಮುಷ್ಕರದ ಹಕ್ಕೆಂಬುದು ಸ್ವಾತಂತ್ರ್ಯದ ಹಕ್ಕಿನ ಇನ್ನೊಂದು ಹೆಸರು ಎಂಬ ಅರ್ಥದ ಮಾತನ್ನು ಅವರು ಅಲ್ಲಿ ಆಡಿದರು. ೧೯೩೮ರ ನವೆಂಬರ್ ೭ರಂದು ಕಮ್ಯುನಿಸ್ಟರೊಡನೆ ಕೂಡಿ ಒಂದು ದಿನದ ಮುಷ್ಕರ ನಡೆಸಿದರು. ರಾಜಕೀಯದಲ್ಲಿ ಅವರಿಗೂ ಇವರಿಗೂ ಸರಿಬರುತ್ತಿರಲಿಲ್ಲವಾದರೂ ಕೂಲಿಕಾರನ ಹಕ್ಕಿನ ಪ್ರಶ್ನೆ ಬಂದಾಗ ಒಂದೇ ವೇದಿಕೆ ಏರಿದರು.

ಇನ್ನು ನಮ್ಮ ಕತೆಯ ಮುಖ್ಯ ಭಾಗ. ೧೯೪೨ರ ಜುಲೈಯಿಂದ ೧೯೪೬ರ ಮಧ್ಯದವರೆಗೆ ಅಂಬೇಡಕರರು ವೈಸರಾಯರ ಕಾರ್ಯಕಾರಿ ಮಂಡಲದಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದರು. ಈಗಿನ ಮಾತಿನಲ್ಲಿ ಹೇಳುವುದಾದರೆ ಕಾರ್ಮಿಕ ಮಂತ್ರಿ. ಹೊರಗೆ ಮಹಾಯುದ್ಧ. ಅಂಥ ಸಮಯದಲ್ಲಿ ಆದ ಕೆಲಸಗಳನ್ನು ನೋಡಿರಿ. ೧೯೪೫ರ ಫ್ಯಾಕ್ಟರಿ ಕಾಯದೆ ತಿದ್ದುಪಡಿಯಿಂದ, ಹನ್ನೆರಡು ತಿಂಗಳು ಸತತವಾಗಿ ದುಡಿದ ಕಾರಖಾನೆಯ ಕೆಲಸಗಾರನಿಗೆ ವರ್ಷಕ್ಕೆ ೧೦ ದಿನ ಸಂಬಳ ಸಹಿತ ರಜೆ ದೊರೆಯಿತು. ೧೯೪೬ರ ತಿದ್ದುಪಡಿಯಿಂದ ವಾರಕ್ಕೆ ೫೪ ತಾಸಿದ್ದ ದುಡಿಮೆ ೪೮ ತಾಸಿಗೆ ಇಳಿಯಿತು. ಯುದ್ಧಕಾಲದಲ್ಲಿ ಗಣಿಯೊಳಗೆ ಇಳಿಯಬೇಕಾಗಿ ಬಂದಿದ್ದ ಹೆಂಗಸರು ೧೯೪೬ರಲ್ಲಿ ಮತ್ತೆ ಮೇಲೆ ಬಂದರು. ನೌಕರಿ ಹುಡುಕುವವರು ಹೆಸರು ಬರೆಸುವ ಉದ್ಯೋಗ ವಿನಿಮಯ ಕೇಂದ್ರಗಳು ಆರಂಭವಾದದ್ದೂ ಆ ಕಾಲದಲ್ಲೇ.

ಹತ್ತು ದಿನವೆಂದರೆ ಈಗ ಸಣ್ಣ ಸಂಖ್ಯೆಯಾಗಿ ಕಂಡೀತು. ಅದರ ಬೆಲೆ ತಿಳಿಯಬೇಕಾದರೆ ಊರು ಬಿಟ್ಟು ಬಂದವನನ್ನು ಕೇಳಬೇಕು. ಪರಊರಿನಲ್ಲಿ ದುಡಿಯುವವನಿಗೆ ರಜೆಯೆಂದರೆ ಬರಿಯ ವಿಶ್ರಾಂತಿಯಲ್ಲ. ಊರ ಜಾತ್ರೆ, ತಂಗಿಯ ಮದುವೆ, ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆ, ಬಿತ್ತನೆಗೆ ಅಣ್ಣನಿಗೊಂದು ಕೈ - ಇವೆಲ್ಲ ಆ ಹತ್ತು ದಿನಗಳಲ್ಲಿ ಅಡಗಿದ್ದವು. ಹೋದರೆ ಕೂಲಿ ಹೋಯಿತು, ಹೋಗದಿದ್ದರೆ ಸಂಬಂಧ ಹೋಯಿತು ಎಂಬ ಇಕ್ಕಟ್ಟಿನಿಂದ ಆ ಕಾಯದೆ ಕಾರಖಾನೆಯವನನ್ನು ಬಿಡಿಸಿತು. ಪುಣೆಯ ಕನ್ನಡಿಗರಲ್ಲಿ ಎಷ್ಟೋ ಮನೆತನಗಳು ಇಲ್ಲಿ ಬೇರೂರಿಯೂ ಊರಿನ ನಂಟು ಕಳೆದುಕೊಳ್ಳದೆ ಉಳಿದದ್ದರಲ್ಲಿ ಇಂಥ ಸೂಟಿಗಳ ಪಾಲು ಸಣ್ಣದಲ್ಲ.

ಅಂಬೇಡಕರರು ಕನ್ನಡ ನೆಲಕ್ಕೆ ಹೊರಗಿನವರೇನೂ ಅಲ್ಲ. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಸೀಮೆಗಳು ೧೯೫೬ರ ತನಕ ಮುಂಬಯಿಯ ಆಡಳಿತದಲ್ಲೇ ಇದ್ದವಷ್ಟೆ. ೧೯೨೫ರ ಏಪ್ರಿಲಿನಲ್ಲಿ ನಿಪ್ಪಾಣಿಯಲ್ಲಿ ನಡೆದ ಬಹಿಷ್ಕೃತರ ಪ್ರಾಂತಿಕ ಪರಿಷತ್ತಿಗೆ ಅವರೇ ಅಧ್ಯಕ್ಷರು. ೧೯೨೯ರಲ್ಲಿ ಅವರ ಪ್ರಯತ್ನದಿಂದ ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳಿಗೆ ವಸತಿಗೃಹವಾಯಿತು. ೧೯೩೭ರ ಚುನಾವಣೆಯಲ್ಲಿ ಅವರ ಕಾರ್ಮಿಕ ಪಕ್ಷದಿಂದ ಬೆಳಗಾವಿ ಭಾಗದ ಬಳವಂತ ಹನುಮಂತ ವರಾಳೆಯವರು ಮುಂಬಯಿ ವಿಧಾನಸಭೆಗೆ ಆರಿಸಿಬಂದರು. ಪುಣೆಯ ನೆನಪುಗಳಂತೂ ನಮ್ಮ ಕಣ್ಣ ಮುಂದೆಯೇ ಇವೆ. ೧೯೩೨ರ ಸಪ್ಟೆಂಬರ್ ೨೪ರ ಪುಣೆ ಒಪ್ಪಂದ ಯರವಡಾ ಜೈಲಿನಲ್ಲಾಯಿತು. ದೇಹೂ ರೋಡಿನ ವಿಹಾರದಲ್ಲಿ ಬುದ್ಧಮೂರ್ತಿಯನ್ನು ಅವರು ೧೯೫೪ರ ಡಿಸೆಂಬರ್ ೨೫ರಂದು ಸ್ಥಾಪಿಸಿದರು. ಸೇನಾಪತಿ ಬಾಪಟ ರಸ್ತೆಯ ಸಿಂಬಯೋಸಿಸ್ ಸ್ಮಾರಕ ಸಂಗ್ರಹಾಲಯದಲ್ಲಿ ಅವರು ಬಳಸಿದ ವಸ್ತುಗಳನ್ನು ಕಾಪಾಡಿ ಇಟ್ಟಿದ್ದಾರೆ.

ಇವೆಲ್ಲಕ್ಕಿಂತ ನಮಗೆ ಅಭಿಮಾನದ ಸಂಗತಿ ಇನ್ನೊಂದಿದೆ. ಈಗ ಲೋಕದ ಹಲವು ಕಡೆ ನಡೆಯುವ ಏಪ್ರಿಲ್ ೧೪ರ ಜಯಂತಿ ಮೊಟ್ಟಮೊದಲು ಸಾರ್ವಜನಿಕವಾಗಿ ನಡೆದದ್ದು ಪುಣೆಯಲ್ಲಿ, ೧೯೨೮ರಲ್ಲಿ. ಜನಾರ್ದನ ಸದಾಶಿವ ರಣಪಿಸೆಯವರೆಂಬ ಕಾರ್ಯಕರ್ತರು ಅದನ್ನು ನಡೆಸಿದರು. ಆಗ ಅಂಬೇಡಕರರಿಗೆ ೩೭ ವರ್ಷ. ಸರಕಾರದ ಅಪ್ಪಣೆಯಿಲ್ಲ, ಕಚೇರಿಗೆ ಬೀಗವಿಲ್ಲ, ಪಂಚಾಂಗದಲ್ಲಿ ಕೆಂಪು ಅಂಕಿಯಿಲ್ಲ. ಬಂದವರು ಒಂದು ದಿನದ ಕೂಲಿ ಬಿಟ್ಟೇ ಬಂದಿರಬೇಕು. ನಮ್ಮಲ್ಲಿಯೂ ಹರ್ಡೇಕರ ಮಂಜಪ್ಪನವರು ೧೯೧೩ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಆರಂಭಿಸಿದಾಗ ಹೀಗೆಯೇ ಇತ್ತು. ಜನರು ಮೊದಲು ಆಚರಿಸುತ್ತಾರೆ. ಸರಕಾರ ಹಿಂದಿನಿಂದ ಬಂದು ಸಹಿ ಹಾಕುತ್ತದೆ.

ಆ ಸಹಿಯೂ ಬೇಗ ಬೀಳಲಿಲ್ಲ. ಅಂಬೇಡಕರರು ೧೯೫೬ರ ಡಿಸೆಂಬರ್ ೬ರಂದು ತೀರಿಕೊಂಡರು. ಭಾರತರತ್ನ ಬಂದದ್ದು ೧೯೯೦ರಲ್ಲಿ; ಪಾರ್ಲಿಮೆಂಟಿನ ಸೆಂಟ್ರಲ್ ಹಾಲಿನಲ್ಲಿ ಅವರ ಭಾವಚಿತ್ರವೇರಿದ್ದೂ ಆ ವರ್ಷವೇ. ರಾಷ್ಟ್ರೀಯ ರಜೆಯೆಂದು ನಾವು ಹೇಳುವ ದಿನಗಳು ಮೂರು: ಜನವರಿ ೨೬, ಆಗಸ್ಟ್ ೧೫, ಅಕ್ಟೋಬರ್ ೨. ಏಪ್ರಿಲ್ ೧೪ ಮಹಾರಾಷ್ಟ್ರ, ಕರ್ನಾಟಕಗಳ ರಜೆಪಟ್ಟಿಯಲ್ಲಿ ಇದೆಯಾದರೂ, ಕೇಂದ್ರ ಸರಕಾರದ ಕಚೇರಿಗಳಿಗೆ ಎಷ್ಟೋ ವರ್ಷ ಪ್ರತ್ಯೇಕ ಆದೇಶದಿಂದಲೇ ಸಿಕ್ಕಿದೆ. ೨೦೨೫ರಲ್ಲಿಯೂ ಮಾರ್ಚ್ ಕೊನೆಯಲ್ಲಿ ಅಂಥ ಆದೇಶ ಹೊರಟಿತ್ತು.

ಅಮೇರಿಕೆಯಲ್ಲಿಯೂ ಇಂಥದೇ ಕತೆ ನಡೆದಿದೆ. ಅಲ್ಲಿ ಮಕ್ಕಳು ಮೊಮ್ಮಕ್ಕಳಿರುವ ನಮ್ಮ ವಾಚಕರು ಇದನ್ನು ಬಲ್ಲರು. ಕರಿಯರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್‌ರು ೧೯೬೮ರ ಏಪ್ರಿಲ್ ೪ರಂದು ಮೆಂಫಿಸ್ ನಗರದಲ್ಲಿ ಗುಂಡಿಗೆ ಬಲಿಯಾದರು. ಅವರು ಅಲ್ಲಿಗೆ ಹೋದದ್ದು ಕಸ ಸಾಗಿಸುವ ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲವಾಗಿ. ನಾಲ್ಕೇ ದಿನದಲ್ಲಿ ಅವರ ಹೆಸರಿನ ರಜೆಗಾಗಿ ಮಸೂದೆ ಬಂತು. ಅದು ಕಾಯದೆಯಾದದ್ದು ೧೯೮೩ರ ನವೆಂಬರಿನಲ್ಲಿ. ಮೊದಲ ಆಚರಣೆ ೧೯೮೬ರ ಜನವರಿ ೨೦ರಂದು. ಸಂಬಳ ಕೊಟ್ಟು ಎಲ್ಲರನ್ನೂ ಮನೆಗೆ ಕಳಿಸಿದರೆ ದೇಶಕ್ಕೆ ಎಷ್ಟು ಖರ್ಚೆಂದು ವಿರೋಧಿಗಳು ಲೆಕ್ಕ ಹಾಕಿದ್ದರು. ೧೯೯೪ರಲ್ಲಿ ಆ ದಿನವನ್ನು ಸೇವೆಯ ದಿನವೆಂದೂ ಗೊತ್ತುಮಾಡಿದರು. ಅಂದು ಜನರು ತಮ್ಮ ಮನೆ ಬಿಟ್ಟು ಪರರ ಕೆಲಸಕ್ಕೆ ಹೊರಡಬೇಕೆಂಬುದು ಅದರ ಆಶಯ.

ನಮ್ಮಲ್ಲಿಯೂ ಆಕ್ಷೇಪ ಹೇಳುವವರು ಇದ್ದಾರೆ. ಜಯಂತಿ ಪುಣ್ಯತಿಥಿಗಳೆಂದು ಶಾಲೆ ಕಚೇರಿ ಮುಚ್ಚುತ್ತ ಹೋದರೆ ಕೆಲಸವಾಗುವುದು ಯಾವಾಗ ಎನ್ನುತ್ತಾರೆ. ೨೦೧೭ರ ಏಪ್ರಿಲಿನಲ್ಲಿ ಉತ್ತರ ಪ್ರದೇಶ ಸರಕಾರ ಮಹನೀಯರ ಹೆಸರಿನ ೧೫ ರಜೆಗಳನ್ನು ರದ್ದುಮಾಡಿ, ಅಂದು ಶಾಲೆ ನಡೆಸಿ ಆ ಮಹನೀಯರ ವಿಷಯ ಮಕ್ಕಳಿಗೆ ತಿಳಿಸಬೇಕೆಂದಿತು. ಈ ವಾದದಲ್ಲಿ ತಿರುಳಿಲ್ಲವೆಂದು ನಾವು ಹೇಳುವುದಿಲ್ಲ. ಹೆಸರೂ ಗೊತ್ತಿಲ್ಲದೆ ಅನುಭವಿಸುವ ರಜೆಗಿಂತ ಒಂದು ತಾಸಿನ ಪಾಠ ಮೇಲು. ಆದರೆ ರಜೆ ಹೆಚ್ಚಾಯಿತೆಂಬ ದೂರು ರಜೆ ಇರುವವರ ಬಾಯಿಂದಲೇ ಬರುತ್ತದೆಂಬುದನ್ನೂ ಗಮನಿಸಬೇಕು. ರಜೆಯೇ ಇಲ್ಲದವರು ಈ ಚರ್ಚೆಯಲ್ಲಿ ಭಾಗವಹಿಸುವುದಿಲ್ಲ. ಅಷ್ಟು ಹೊತ್ತಿಗೆ ಅವರು ಕೆಲಸದಲ್ಲಿರುತ್ತಾರೆ.

ಅವರು ಯಾರೆಂದು ದೂರ ಹುಡುಕಬೇಕಾಗಿಲ್ಲ. ಹಿಂಜವಡಿ, ವಾಕಡ, ಬಾಣೇರಗಳಲ್ಲಿ ಎದ್ದುನಿಂತ ಕಟ್ಟಡಗಳ ಬುಡದ ತಗಡಿನ ಗುಡಿಸಲುಗಳ ಕಡೆ ಸಂಜೆ ಹೊತ್ತು ನಡೆದುಹೋದರೆ ಕಿವಿಗೆ ಬೀಳುವುದು ನಮ್ಮ ಕನ್ನಡವೇ. ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರು ಕಡೆಯ ಗವಂಡಿಗಳು, ಬುಟ್ಟಿ ಹೊರುವ ಹೆಂಗಸರು. ನಮ್ಮ ಉಡುಪಿ ಹೋಟೆಲುಗಳಲ್ಲಿ ಬೆಳಗಿನ ಆರಕ್ಕೆ ಇಡ್ಲಿ ತಟ್ಟೆ ಇಡುವ ಹುಡುಗರೂ ಆ ಕಡೆಯವರೇ ಆಗಿರುವುದುಂಟು. ಇವರಿಗೆ ಏಪ್ರಿಲ್ ೧೪ ಕೆಂಪು ಅಂಕಿಯಲ್ಲ. ದಿನಗೂಲಿಯವನಿಗೆ ಸೂಟಿಯೆಂದರೆ ಅಂದಿನ ಕೂಲಿಗೆ ಖೋತಾ ಎಂದೇ ಅರ್ಥ. ೧೯೪೫ರ ಕಾಯದೆ ಕಾರಖಾನೆಯ ಗೇಟಿನ ಒಳಗಿನವರಿಗೆ. ಇವರು ಗೇಟಿನ ಹೊರಗೆ ಉಳಿದರು.

ಇನ್ನೂ ಹತ್ತಿರ ಬರೋಣ. ನಮ್ಮ ನಮ್ಮ ಮನೆಗಳಲ್ಲಿ ಮುಸುರೆ ತಿಕ್ಕುವ, ಕಸ ಗುಡಿಸುವ, ರೊಟ್ಟಿ ಬಡಿಯುವ ಹೆಂಗಸರಿದ್ದಾರೆ. ಸೂಟಿಯ ದಿನ ಅವರಿಗೆ ಕೆಲಸ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಯಜಮಾನರು ಮನೆಯಲ್ಲಿ, ಮಕ್ಕಳು ಮನೆಯಲ್ಲಿ, ಮಧ್ಯಾಹ್ನಕ್ಕೆ ನೆಂಟರು. ಇವರ ವಿಷಯದಲ್ಲಿಯೂ ಪುಣೆಗೆ ಒಂದು ಇತಿಹಾಸವಿದೆ. ೧೯೮೦ರಲ್ಲಿ ಈ ಊರಿನ ಮನೆಗೆಲಸದ ಹೆಂಗಸರು ಮುಷ್ಕರ ಹೂಡಿದರು. ಸಂಬಳದ ಜೊತೆಗೆ ರಜೆಯನ್ನೂ ಹಕ್ಕೆಂದು ಕೇಳಿದರು. ಪುಣೆ ಶಹರ ಮೋಲಕರೀಣ ಸಂಘಟನೆ ಹುಟ್ಟಿದ್ದು ಆ ಹೋರಾಟದಿಂದ. ಮಹಾರಾಷ್ಟ್ರದಲ್ಲಿ ಮನೆಗೆಲಸದವರ ಕಲ್ಯಾಣ ಮಂಡಳಿಗಾಗಿ ೨೦೦೮ರಲ್ಲಿ ಕಾಯದೆ ಬಂತು. ಆದರೂ ಮನೆಯೊಳಗಿನ ಸೂಟಿ ಇಂದಿಗೂ ಮನೆಯೊಡತಿಯ ಮನಸ್ಸಿಗೇ ಬಿಟ್ಟದ್ದು.

ಆದುದರಿಂದ ನಮ್ಮ ಸೂಚನೆ ಇಷ್ಟು. ಸಂಘದ ಕುಟುಂಬಗಳು ಏಪ್ರಿಲ್ ೧೪ನ್ನು ಮನೆಗೆಲಸದವರಿಗೆ ಪಗಾರ ಕಡಿತವಿಲ್ಲದ ಸೂಟಿಯೆಂದು ಗೊತ್ತುಮಾಡಲಿ. ಅಂದು ಬೆಳಗ್ಗೆ ಹೇಳಿದರೆ ಸಾಲದು. ಒಂದು ವಾರ ಮೊದಲೇ ತಿಳಿಸಬೇಕು, ಆಗಲೇ ಅವರೂ ತಮ್ಮ ದಿನವನ್ನು ತಾವು ಹೂಡಿಕೊಳ್ಳುವುದು ಸಾಧ್ಯ. ಅಂದಿನ ಪಾತ್ರೆಯನ್ನು ಮನೆಮಂದಿ ಹಂಚಿಕೊಂಡು ತೊಳೆಯಲಿ, ಗಂಡಸರೂ ಸೇರಿ. ಹೋಟೆಲು, ಅಂಗಡಿ ನಡೆಸುವ ನಮ್ಮ ಬಂಧುಗಳು ಅಂದೇ ಮುಚ್ಚಲಾರರು ಎಂಬುದು ನಮಗೆ ಗೊತ್ತು. ಹುಡುಗರಿಗೆ ಸರದಿಯ ಮೇಲೆ ಆ ವಾರದಲ್ಲೊಂದು ದಿನ ಸಂಬಳ ಸಹಿತ ಬಿಡುವು ಕೊಡಬಹುದು.

ಎರಡನೆಯದಾಗಿ, ಓದು ಬರೆಹ ಬಲ್ಲ ನಮ್ಮ ತರುಣರು ಅಂದು ಎರಡು ತಾಸು ಕಟ್ಟಡದ ಕೂಲಿಕಾರರ ವಸತಿಗೆ ಹೋಗಲಿ. ಕಾಯದೆಯ ಪ್ರಕಾರ, ೧೮ರಿಂದ ೬೦ ವರ್ಷದೊಳಗಿನ, ಹಿಂದಿನ ಹನ್ನೆರಡು ತಿಂಗಳಲ್ಲಿ ೯೦ ದಿನ ಕಟ್ಟಡದ ಕೆಲಸ ಮಾಡಿದ ಕೂಲಿಕಾರರು ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಅರ್ಜಿಯ ಭಾಷೆ ತಿಳಿಯದೆ, ಯಾರನ್ನು ಕೇಳಬೇಕೆಂದು ಗೊತ್ತಾಗದೆ ಹಿಂದೆ ಉಳಿಯುವವರು ನಮ್ಮವರಲ್ಲಿ ಬಹಳ. ಮರಾಠಿಯೂ ಕನ್ನಡವೂ ಬಲ್ಲ ನಮ್ಮ ಮಕ್ಕಳಿಗಿಂತ ಈ ಕೆಲಸಕ್ಕೆ ತಕ್ಕವರು ಬೇರೆ ಯಾರಿದ್ದಾರೆ? ಅವರ ಎರಡು ಭಾಷೆಯ ಅನುಕೂಲ ಒಂದು ದಿನವಾದರೂ ಪರರ ಉಪಯೋಗಕ್ಕೆ ಬರಲಿ.

ಇದು ದಾನವೆಂದು ಯಾರೂ ಭಾವಿಸಬಾರದು. ಲೋಖಂಡೆಯವರು ೫,೫೦೦ ಸಹಿ ಕೂಡಿಸಿದ್ದು, ಅಂಬೇಡಕರರು ಹತ್ತು ದಿನವನ್ನು ಕಾಯದೆಗೆ ಸೇರಿಸಿದ್ದು ದಾನಕ್ಕಲ್ಲ, ಹಕ್ಕಿಗೆ. ಆ ಹಕ್ಕಿನ ಫಲವನ್ನು ನಾವು ಮೂರು ತಲೆಮಾರಿನಿಂದ ಉಣ್ಣುತ್ತಿದ್ದೇವೆ. ಇನ್ನೂ ಪಂಕ್ತಿಗೆ ಬಾರದವರಿಗೆ ಎಲೆ ಹಾಕುವುದು ಉಂಡವರ ಹೊಣೆ.

ಮನೆಯಲ್ಲಿ ಕೂಡಿ ಮಾತಾಡಿ, ನಿಮ್ಮಲ್ಲಿ ಇದು ಸಾಧ್ಯವೋ, ಅಡಚಣೆ ಏನು, ಬೇರೆ ದಾರಿ ಏನು ಎಂಬುದನ್ನು ವಾಚಕರು ಬರೆದು ತಿಳಿಸಬೇಕು. ವಿಶೇಷವಾಗಿ ಗೃಹಿಣಿಯರ ಅಭಿಪ್ರಾಯ ಬೇಕು. ಲೆಕ್ಕ ಗೊತ್ತಿರುವುದು ಅವರಿಗೇ. ಬಂದ ಪತ್ರಗಳನ್ನು ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಕೊಡುತ್ತೇವೆ.